ಎಂಜಿಬಿಗೆ ಎಲೆಕ್ಟ್ರಾನಿಕ್ ಸ್ಪೀಡೋ ಸೆಂಡರ್ ಹಾಕಿದ ಮೇಲೆ ಮುಳ್ಳು ಏರಿ ಬೀಳ್ತಿದೆ

ಕವೆಂಟ್ರಿ_ಕನ್ನಡಿಗ, ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನನ್ನದು 1972ರ ಎಂಜಿಬಿ ಜಿಟಿ, ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಆರು ವರ್ಷದಿಂದ ನನ್ನ ಹತ್ತಿರ ಇದೆ. ಈ ಚಳಿಗಾಲದಲ್ಲಿ ಹಳೇ ನಾಲ್ಕು ಗೇರಿನ ಬಾಕ್ಸ್ ಇಳಿಸಿ, ಫೋರ್ಡ್ ಸಿಯೆರಾದ ಐದು ಗೇರಿನ ಟೈಪ್ 9 ಕೂರಿಸಿದೆ. ಹೈವೇಯಲ್ಲಿ ಈಗ ಇಂಜಿನ್ ಎಷ್ಟು ಹಾಯಾಗಿ ಓಡುತ್ತೆ ಅಂದರೆ, ಮಾಡಿದ ಕೆಲಸ ಸಾರ್ಥಕ ಅನ್ನಿಸಿತು.

ತಲೆನೋವು ಸ್ಪೀಡೋಮೀಟರ್‌ನದು. ಹಳೇ ಕೇಬಲ್ ಈ ಗೇರ್‌ಬಾಕ್ಸ್‌ಗೆ ಕೂರುವುದಿಲ್ಲ. ಅದಕ್ಕೆ ಕೇಬಲ್ ಕೂರುವ ಜಾಗದಲ್ಲಿ ಒಂದು ಎಲೆಕ್ಟ್ರಾನಿಕ್ ಸೆಂಡರ್ ಹಾಕಿದೆ, ಅಂದರೆ ಗೇರ್‌ಬಾಕ್ಸ್ ತಿರುಗುವುದನ್ನು ವೈರಿನಲ್ಲಿ ಸಿಗ್ನಲ್ ಆಗಿ ಮೀಟರ್‌ಗೆ ಕಳಿಸುವ ಸಾಧನ. ಸ್ಮಿತ್ಸ್ ಕಂಪನಿಯ ಹಳೇ ಮೀಟರ್‌ನ ಮುಖ, ಮುಳ್ಳು, ಕ್ರೋಮ್ ಬಳೆ ಎಲ್ಲ ಹಾಗೇ ಇದೆ. ಒಳಗಿನ ಯಂತ್ರವನ್ನು ಮಾತ್ರ ಎಲೆಕ್ಟ್ರಾನಿಕ್ ಮಾಡಿಸಿದ್ದೇನೆ. ಹಳೇ ಮೀಟರ್ ಮುಖದ ಮೇಲೆ 1280 ಅಂತ ಇತ್ತು, ಅದನ್ನೇ ಹೇಳಿ ಸೆಟ್ ಮಾಡಿಸಿದೆ.

ಈಗ ಆಗುತ್ತಿರುವುದು ಇದು. ಫೋನಿನ ಜಿಪಿಎಸ್ 60 ಮೈಲಿ ತೋರಿಸುವಾಗ ಮುಳ್ಳು 50ರ ತನಕ ಏರುತ್ತೆ, ತಕ್ಷಣ 30ರ ಕಡೆ ಜಾರುತ್ತೆ, ಮತ್ತೆ ಏರುತ್ತೆ. ಉಸಿರಾಡಿದ ಹಾಗೆ, ಒಂದೇ ಲಯದಲ್ಲಿ. ಟ್ರಿಪ್ ಅಂಕಿಯೂ ಸರಿಯಿಲ್ಲ. ಹತ್ತು ಮೈಲಿ ಓಡಿಸಿದರೆ ಐದು ಚಿಲ್ಲರೆ ತೋರಿಸುತ್ತೆ. ಮಾರಿದವರು ಸೆಂಡರ್ ಕೆಟ್ಟಿದೆ ಅಂದರು. ದುಡ್ಡು ಕೊಟ್ಟು ಇನ್ನೊಂದು ತಂದೆ. ಅದರದ್ದೂ ಅದೇ ಕಥೆ.

ಸೆಂಡರ್‌ಗೆ ಮೂರು ವೈರ್: ಕರೆಂಟ್, ಅರ್ತ್, ಸಿಗ್ನಲ್. ಕರೆಂಟ್ ವೈರ್ ಮೇಲೆ ಮಲ್ಟಿಮೀಟರ್ ಹಿಡಿದರೆ 12.4 ವೋಲ್ಟ್ ಸರಿಯಾಗಿ ಬರುತ್ತಿದೆ. ಇನ್ನೇನು ನೋಡಲಿ?

ಲೆಸ್ಟರ್_ಅಕ್ಕ, ಶನಿವಾರ ರಾತ್ರಿ

ಸೆಂಡರ್ ಮತ್ತು ವೈರಿಂಗ್ ನಡುವಿನ ಕನೆಕ್ಟರ್ ನೋಡಿದ್ರಾ? ನಮ್ಮನೆಯಲ್ಲಿ ಜಾಗ್ವಾರ್ ಎಕ್ಸ್‌ಜೆ6 ಇದೆ, 1979ರಲ್ಲಿ ಶುರುವಾದ ಸೀರೀಸ್ 3. ಅದರಲ್ಲಿ ಕಾರ್ಖಾನೆಯಿಂದಲೇ ಕೇಬಲ್ ಇಲ್ಲ. ಗೇರ್‌ಬಾಕ್ಸ್ ಪಕ್ಕದಲ್ಲಿರುವ ಟ್ರಾನ್ಸ್‌ಡ್ಯೂಸರ್, ಅಂದರೆ ಸೆಂಡರ್‌ನಿಂದ ವೈರಿನಲ್ಲೇ ಸಿಗ್ನಲ್ ಬರುತ್ತೆ. ಎರಡು ವರ್ಷದ ಹಿಂದೆ ನಮ್ಮ ಮುಳ್ಳೂ ಸತ್ತು ಮಲಗಿತ್ತು. ಸೆಂಡರ್ ಹೋಯಿತು ಅಂತ ಅಂದುಕೊಂಡೆವು. ಕೊನೆಗೆ ನೋಡಿದರೆ ಕನೆಕ್ಟರ್ ಪಿನ್ ಮೇಲೆ ಹಸಿರು ಪಾಚಿಯ ಹಾಗೆ ಕಿಲುಬು ಕಟ್ಟಿತ್ತು. ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆವು. ಅವತ್ತಿನಿಂದ ಇವತ್ತಿನ ತನಕ ತೊಂದರೆ ಇಲ್ಲ.

ಇಲ್ಲಿನ ಮಳೆ, ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪು, ಗಾಡಿ ಕೆಳಗಿನ ಯಾವ ಕನೆಕ್ಟರನ್ನೂ ಬಿಡಲ್ಲ.

ಕೇಬಲ್_ಸಾಕು, ಭಾನುವಾರ ಬೆಳಿಗ್ಗೆ

ಬೇಜಾರು ಮಾಡ್ಕೋಬೇಡಿ, ಮನಸ್ಸಿನಲ್ಲಿ ಇರೋದನ್ನ ಹೇಳ್ತೀನಿ. ಈ ಕಾರುಗಳಿಗೆ ಕೇಬಲ್ಲೇ ಸರಿ. ಗೇರ್‌ಬಾಕ್ಸ್‌ನಲ್ಲಿ ಒಂದು ಪುಟ್ಟ ಗೇರ್ ಕೇಬಲ್ ತಿರುಗಿಸುತ್ತೆ. ಕೇಬಲ್ ಮೀಟರ್ ಒಳಗಿನ ಆಯಸ್ಕಾಂತ ತಿರುಗಿಸುತ್ತೆ. ಆಯಸ್ಕಾಂತ ಒಂದು ಅಲ್ಯೂಮಿನಿಯಂ ಬಟ್ಟಲನ್ನು ಮುಟ್ಟದೇ ಎಳೆಯುತ್ತೆ. ಕೂದಲೆಳೆಯಂಥ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆದು ಹಿಡಿಯುತ್ತೆ. ಇಷ್ಟೇ. ಕರೆಂಟೇ ಬೇಡ. ಲಂಡನ್ನಿನ ಕ್ರಿಕಲ್‌ವುಡ್ ಕಾರ್ಖಾನೆಯಲ್ಲಿ ಸ್ಮಿತ್ಸ್‌ನವರು ಮಾಡಿದ ಮೀಟರ್‌ಗಳು ಅರ್ಧ ಶತಮಾನ ಕಳೆದರೂ ಓಡುತ್ತಿವೆ.

ಟೈಪ್ 9ಗೂ ಹೊಂದುವ ಕೇಬಲ್ ಮಾಡಿಸಬಹುದು. ಹಳೇ ಮೀಟರ್‌ಗೆ ಹೊಸ ಲೆಕ್ಕ ಕೂರಿಸಿ ಕೊಡುವವರೂ ಇದ್ದಾರೆ. ಆ ದಾರಿ ಹಿಡಿದಿದ್ದರೆ ಈ ಹುಡುಕಾಟ ಇರ್ತಿರಲಿಲ್ಲ.

ಹಳೇಮೀಟರ್, ಭಾನುವಾರ ಮಧ್ಯಾಹ್ನ

ಕವೆಂಟ್ರಿಯವರೇ, ಇನ್ನೊಂದು ಸೆಂಡರ್ ತರಬೇಡಿ. ಸೆಂಡರ್ ಮೇಲೆ ಗೂಬೆ ಕೂರಿಸೋದು ಸುಲಭ, ಆದರೆ ನೀವು ಬರೆದ ಲಕ್ಷಣ ನೋಡಿದರೆ ಅದು ನಿರಪರಾಧಿ ಅನ್ನಿಸುತ್ತೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಇಪ್ಪತ್ತು ವರ್ಷದ ಮೇಲೆ ಮೀಟರ್ ರಿಪೇರಿ ಮಾಡಿದ್ದೇನೆ. ನಿಜವಾಗಿ ಕೆಟ್ಟ ಸೆಂಡರ್ ಸಾಮಾನ್ಯವಾಗಿ ಪೂರ್ತಿ ಸಾಯುತ್ತೆ, ಇಲ್ಲವೇ ಬಿಸಿಯಾದಾಗ ಕೈ ಕೊಡುತ್ತೆ. ಲಯ ಹಿಡಿದು ಏರಿಳಿಯುವುದು ಅದರ ಗುಣ ಅಲ್ಲ.

ಮೊದಲು ಸೆಂಡರ್ ಏನು ಮಾಡುತ್ತೆ ನೋಡೋಣ. ನಿಮ್ಮದು ಮೂರು ವೈರಿನದು, ಅಂದರೆ ಹಾಲ್ ಸೆಂಡರ್. ಗೇರ್‌ಬಾಕ್ಸ್ ಒಂದು ಸುತ್ತು ತಿರುಗಿಸಿದರೆ ಒಳಗಿನ ಚಿಪ್ ಮುಂದೆ ಆಯಸ್ಕಾಂತದ ಧ್ರುವಗಳು ಹಾದು ಹೋಗುತ್ತವೆ. ಪ್ರತಿ ಸಲವೂ ಚಿಪ್ ಸ್ವಿಚ್ ಹಾಕಿ ತೆಗೆದ ಹಾಗೆ ಒಂದು ಪಲ್ಸ್ ಕೊಡುತ್ತೆ. ಸುತ್ತಿಗೆ 8 ಪಲ್ಸ್ ಕೊಡುವವು ಜಾಸ್ತಿ ಸಿಗುತ್ತವೆ. ಮೀಟರ್ ಆ ಪಲ್ಸ್ ಎಣಿಸುತ್ತೆ. ಎಷ್ಟು ಬೇಗ ಬಂತು ಅನ್ನೋದು ವೇಗ, ಒಟ್ಟು ಎಷ್ಟು ಬಂತು ಅನ್ನೋದು ಮೈಲಿ. ಇದು ಬರೀ ಎಣಿಕೆ, ಸ್ವಾಮಿ.

ಎರಡು ವೈರಿನದು ಬೇರೆ ಜಾತಿ. ಅದಕ್ಕೆ ಹೊರಗಿನ ಕರೆಂಟ್ ಬೇಡ, ತಾನೇ ಸಣ್ಣ ಎಸಿ ವೋಲ್ಟೇಜ್ ಹುಟ್ಟಿಸುತ್ತೆ. ನಿಧಾನ ಹೋಗುವಾಗ ಅದರ ಸಿಗ್ನಲ್ ಬಡವಾಗುತ್ತೆ. ಆ ಮಾತು ಇಲ್ಲಿಗೆ ಬೇಡ.

ನಿಮ್ಮ ಸೆಂಡರ್‌ಗೆ ಕರೆಂಟ್ ನಿಂತರೆ ಪಲ್ಸ್ ನಿಲ್ಲುತ್ತೆ. ಕರೆಂಟ್ ಬಂದು ಹೋಗಿ ಮಾಡಿದರೆ ಪಲ್ಸ್ ಕೂಡ ಬಂದು ಹೋಗಿ ಮಾಡುತ್ತೆ. ಮುಳ್ಳು ಉಸಿರಾಡುತ್ತೆ, ಟ್ರಿಪ್ ಕಡಿಮೆ ತೋರಿಸುತ್ತೆ. ನೀವು ಹೇಳಿದ ಎರಡೂ ಲಕ್ಷಣ ಇದರಲ್ಲಿ ಸೇರಿದವು ಅಲ್ವಾ?

ಈಗ ನನ್ನ ಪ್ರಶ್ನೆ. ಕರೆಂಟ್ ಎಲ್ಲಿಂದ ತೆಗೆದಿರಿ? ವೈರಿನ ಬಣ್ಣ ಏನು? ಹಗಲು ಬೆಳಕಿನಲ್ಲಿ ಒರೆಸಿ ನೋಡಿ ಹೇಳಿ.

ಕವೆಂಟ್ರಿ_ಕನ್ನಡಿಗ, ಭಾನುವಾರ ಸಂಜೆ

ಧನ್ಯವಾದ ಸಾರ್. ಡ್ಯಾಶ್ ಕೆಳಗೆ ಅಂಗಾತ ಮಲಗಿ ಟಾರ್ಚ್ ಹಾಕಿ ನೋಡಿದೆ. ಪೆಟ್ರೋಲ್ ಮೀಟರ್ ಹಿಂದಿನ ವೈರ್‌ನಿಂದ ತೆಗೆದಿದ್ದೆ. ಹಸಿರು ವೈರ್ ಅಂದರೆ ಕೀ ಹಾಕಿದಾಗ ಫ್ಯೂಸ್ ಮೂಲಕ ಬರುವ ಕರೆಂಟ್ ಅಂತ ಓದಿದ್ದೆ. ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆ ಗೊತ್ತಾಯಿತು, ಅದು ಬರೀ ಹಸಿರು ಅಲ್ಲ. ತಿಳಿಹಸಿರು ಮೈ, ಮೇಲೆ ಕಡುಹಸಿರು ಗೆರೆ. ಐವತ್ತು ವರ್ಷದ ಧೂಳಿನಲ್ಲಿ ಎರಡೂ ಒಂದೇ ಹಾಗೆ ಕಾಣ್ತಿತ್ತು. ಆದರೆ ವೋಲ್ಟೇಜ್ 12.4 ಇತ್ತಲ್ಲ ಸಾರ್?

ಹಳೇಮೀಟರ್, ಭಾನುವಾರ ರಾತ್ರಿ

ಸಿಕ್ಕಿತು!

ಲೂಕಾಸ್ ಕಂಪನಿಯ ವೈರಿಂಗ್‌ನಲ್ಲಿ ಬರೀ ಹಸಿರು ಅಂದರೆ ನೀವು ಓದಿದ್ದೇ ಸರಿ. ತಿಳಿಹಸಿರಿನ ಮೇಲೆ ಹಸಿರು ಗೆರೆ ಇದ್ದರೆ ಅದು ವೋಲ್ಟೇಜ್ ಸ್ಟೆಬಿಲೈಸರ್ ದಾಟಿ ಬಂದ ಕರೆಂಟ್. ಸ್ಟೆಬಿಲೈಸರ್ ಅಂದರೆ ಡ್ಯಾಶ್ ಹಿಂದೆ ಕೂತಿರುವ ಬೆಂಕಿಪೊಟ್ಟಣದ ಗಾತ್ರದ ತಗಡಿನ ಡಬ್ಬಿ. ಅದರ ಮೇಲೆ ಬಿ ಮತ್ತು ಐ ಅಂತ ಗುರುತು ಇರುತ್ತೆ. ಬಿಗೆ ಹಸಿರು ವೈರ್ ಬರುತ್ತೆ, ಐನಿಂದ ತಿಳಿಹಸಿರು ಹೊರಡುತ್ತೆ.

ಅದು 10 ವೋಲ್ಟ್ ಕೊಡುತ್ತೆ ಅಂತ ಪುಸ್ತಕದಲ್ಲಿ ಇದೆ. ಕೊಡುವ ರೀತಿ ಮಾತ್ರ ಬೇರೆ. ಒಳಗೆ ಎರಡು ಲೋಹ ಅಂಟಿಸಿದ ಪಟ್ಟಿ, ಅದಕ್ಕೆ ಸುತ್ತಿದ ಹೀಟರ್ ತಂತಿ. ಪಟ್ಟಿ ಬಿಸಿಯಾಗಿ ಬಾಗಿದರೆ ಕಾಂಟ್ಯಾಕ್ಟ್ ಬಿಡುತ್ತೆ, ಕರೆಂಟ್ ಪೂರ್ತಿ ಬಂದ್. ತಣ್ಣಗಾದರೆ ಮತ್ತೆ ಮುಟ್ಟುತ್ತೆ, ಪೂರ್ತಿ 12 ವೋಲ್ಟ್. ಬಿಟ್ಟು ಮುಟ್ಟಿ, ಬಿಟ್ಟು ಮುಟ್ಟಿ, ಒಟ್ಟು ಪರಿಣಾಮ 10 ವೋಲ್ಟ್‌ನಷ್ಟು. ಪೆಟ್ರೋಲ್ ಮೀಟರ್ ಕೂಡ ಬಿಸಿಯಿಂದಲೇ ನಿಧಾನವಾಗಿ ಬಾಗುವ ಯಂತ್ರ. ಆದ್ದರಿಂದ ಅದಕ್ಕೆ ಈ ಆಟ ಗೊತ್ತೇ ಆಗಲ್ಲ. ನಿಮ್ಮ ಹಾಲ್ ಚಿಪ್‌ಗೆ ಮಾತ್ರ ಪ್ರತಿ ಸಲ ಯಾರೋ ಕತ್ತು ಹಿಸುಕಿದ ಹಾಗೆ.

12.4 ಯಾಕೆ ಬಂತು ಅಂದರೆ, ಕೀ ಹಾಕಿದ ಕೂಡಲೇ ಪಟ್ಟಿ ತಣ್ಣಗಿರುತ್ತೆ, ಕಾಂಟ್ಯಾಕ್ಟ್ ಮುಟ್ಟಿಕೊಂಡಿರುತ್ತೆ. ನೀವು ಆ ಕೆಲವು ಸೆಕೆಂಡಿನಲ್ಲಿ ಅಳೆದು ಕೈ ತೆಗೆದಿದ್ದೀರಿ. ಈಗ ಒಂದು ಸಣ್ಣ 12 ವೋಲ್ಟ್ ಬಲ್ಬ್ ತಗೊಳ್ಳಿ, ಆ ವೈರ್ ಮತ್ತು ಅರ್ತ್ ನಡುವೆ ಸಿಕ್ಕಿಸಿ, ಕೀ ಹಾಕಿ ಎರಡು ನಿಮಿಷ ಸುಮ್ನೆ ನೋಡ್ತಾ ಕೂರಿ.

ಆಮೇಲೆ ಸೆಂಡರ್ ಕರೆಂಟನ್ನು ಬರೀ ಹಸಿರು ವೈರಿಗೆ ಬದಲಾಯಿಸಿ. ಸೆಂಡರ್‌ಗೆ ಸಣ್ಣದೊಂದು ಫ್ಯೂಸ್ ಬೇರೆ ಕೊಡಿ. ಅರ್ತ್ ವೈರಿಗೂ ಬೇರೆ ಸ್ಕ್ರೂ ಕೊಡಿ, ಅಲ್ಲಿ ಪೇಂಟ್ ಕೆರೆದು ಹೊಳೆಯುವ ಲೋಹ ಕಾಣಬೇಕು. ಸಿಗ್ನಲ್ ವೈರ್ ಸ್ಪಾರ್ಕ್ ಪ್ಲಗ್ ವೈರ್‌ಗಳ ಹತ್ತಿರ ಹೋಗದಿರಲಿ. ಹೋದರೆ ಮೀಟರ್ ಸ್ಪಾರ್ಕುಗಳನ್ನೂ ಪಲ್ಸ್ ಅಂತ ಎಣಿಸಿಬಿಡುತ್ತೆ.

ಇನ್ನೊಂದು ಮಾತು. ಮುಳ್ಳು ಅತಿ ಮೇಲೆ ಹೋದಾಗಲೂ 50 ಅಂದಿರಿ, ಜಿಪಿಎಸ್ 60 ಇದ್ದಾಗ. ಇದರ ಹಿಂದೆ ಎರಡನೇ ತಪ್ಪು ಅಡಗಿದೆ. ಮೊದಲನೆಯದು ಸರಿ ಮಾಡಿ, ಆಮೇಲೆ ಮಾತಾಡೋಣ.

ಸ್ವಿಂಡನ್_ಬಿ, ಸೋಮವಾರ ಬೆಳಿಗ್ಗೆ

ಓದಿ ಬಹಳ ಕಲಿತೆ. ನನ್ನದು 1965ರ ಎಂಜಿಬಿ. ನಾನೂ ಇದೇ ರೀತಿ ಸೆಂಡರ್ ಹಾಕುವ ಯೋಚನೆಯಲ್ಲಿದ್ದೇನೆ. ಹಸಿರು ವೈರಿಗೆ ಕೊಟ್ಟರೆ ಸಾಕಾ?

ಹಳೇಮೀಟರ್, ಸೋಮವಾರ ಬೆಳಿಗ್ಗೆ

ದಯವಿಟ್ಟು ಕೈ ಹಾಕಬೇಡಿ, ಮೊದಲು ಇದನ್ನು ಓದಿ. 1967ರ ಕೊನೆಗೆ ಮಾರ್ಕ್ 2 ಬರುವ ತನಕ ಎಂಜಿಬಿ ಪಾಸಿಟಿವ್ ಅರ್ತ್ ಗಾಡಿ. ಅಂದರೆ ಬಾಡಿಗೆ ಸೇರಿರುವುದು ಬ್ಯಾಟರಿಯ ಪ್ಲಸ್ ತುದಿ. ಈಗ ಸಿಗುವ ಸೆಂಡರ್, ಎಲೆಕ್ಟ್ರಾನಿಕ್ ಮೀಟರ್ ಎಲ್ಲ ಮೈನಸ್ ಬಾಡಿಗೆ ಇದೆ ಅಂತಲೇ ಮಾಡಿರುತ್ತಾರೆ. ಹಾಗೇ ಹಾಕಿದರೆ ಚಿಪ್ ಕಣ್ಣೆದುರೇ ಸುಡುತ್ತೆ.

ಸೀಟ್ ಹಿಂದೆ ಇರುವ ಎರಡು 6 ವೋಲ್ಟ್ ಬ್ಯಾಟರಿಯ ಸಂಪರ್ಕ ತಿರುಗಿಸಬೇಕು, ಕಾಯಿಲ್ ಮೇಲಿನ ವೈರ್ ಅದಲು ಬದಲು ಮಾಡಬೇಕು, ಡೈನಮೋಗೆ ಹೊಸ ದಿಕ್ಕು ಕಲಿಸಬೇಕು. ಡೈನಮೋದ ಎಫ್ ತುದಿಯ ವೈರ್ ಬಿಚ್ಚಿ, ಆ ತುದಿಗೆ ಬ್ಯಾಟರಿಯ ಕರೆಂಟ್ ಒಂದು ಕ್ಷಣ ಮುಟ್ಟಿಸಿದರೆ ಅದು ಕಲಿಯುತ್ತೆ. ಹಳೇ ರೇಡಿಯೋ ಇದ್ದರೆ ಮೊದಲೇ ಬಿಚ್ಚಿಡಿ. ಇಷ್ಟಾದ ಮೇಲೆ ಬಾನೆಟ್ ಒಳಗೆ ದೊಡ್ಡ ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿ. ನಾಳೆ ಗಾಡಿ ಬೇರೆಯವರ ಕೈಗೆ ಹೋದಾಗ ಅವರಿಗೆ ಗೊತ್ತಾಗಬೇಕು.

ನಿಮ್ಮ ಗೇರ್‌ಬಾಕ್ಸ್ ಹಳೆಯದೇ ಇದ್ದು ಕೇಬಲ್ ಚೆನ್ನಾಗಿದ್ದರೆ, ನನ್ನ ಪ್ರಾಮಾಣಿಕ ಮಾತು, ಕೇಬಲ್ಲನ್ನೇ ಇಟ್ಟುಕೊಳ್ಳಿ. ಇದರಲ್ಲಿ ಕೇಬಲ್_ಸಾಕು ಅವರ ಪಕ್ಷ ನಾನು.

ಕವೆಂಟ್ರಿ_ಕನ್ನಡಿಗ, ಮಂಗಳವಾರ ರಾತ್ರಿ

ಸಾರ್, ಬಲ್ಬ್ ಸಿಕ್ಕಿಸಿ ಕೂತೆ. ಕೀ ಹಾಕಿದಾಗ ಉರಿಯಿತು. ಏನೂ ಆಗಲ್ಲವೇನೋ ಅಂದುಕೊಳ್ಳುವಷ್ಟರಲ್ಲಿ ಆರಿತು. ಮತ್ತೆ ಉರಿಯಿತು. ಆಮೇಲೆ ಇಂಡಿಕೇಟರ್ ಹಾಗೆ ಮಿನುಗುತ್ತಲೇ ಇತ್ತು. ಮಗಳನ್ನು ಕರೆದು ತೋರಿಸಿದೆ. ಕಿವಿ ಹತ್ತಿರ ಇಟ್ಟರೆ ಡಬ್ಬಿಯೊಳಗೆ ಸಣ್ಣ ಟಿಕ್ ಟಿಕ್ ಕೇಳುತ್ತೆ ಅಂದಳು ಅವಳು. ಹೌದು, ಕೇಳುತ್ತೆ.

ಹಸಿರು ವೈರಿಗೆ ಬದಲಾಯಿಸಿದೆ. ಹೊಸ ಅರ್ತ್ ಕೊಟ್ಟೆ. ಮುಳ್ಳು ಈಗ ಕಲ್ಲಿನ ಹಾಗೆ ನಿಂತಿದೆ. ಮೂರು ವಾರದ ಮೇಲೆ ಅದನ್ನು ನೋಡಿ ಎಷ್ಟು ಸಂತೋಷ ಆಯಿತು ಅಂತ ಹೇಳಲಾರೆ.

ನೀವು ಹೇಳಿದ ಎರಡನೇ ತಪ್ಪೂ ಹೊರಗೆ ಬಂತು. ಜಿಪಿಎಸ್ 60 ಇದ್ದಾಗ ಮುಳ್ಳು 51ರಲ್ಲಿ ನಿಲ್ಲುತ್ತೆ.

ಹಳೇಮೀಟರ್, ಮಂಗಳವಾರ ರಾತ್ರಿ

1280 ಅಂತ ಸೆಟ್ ಮಾಡಿಸಿದಿರಲ್ಲ, ಅದೇ ಕಾರಣ. ಆ ಅಂಕಿ ಹಳೇ ಗೇರ್‌ಬಾಕ್ಸ್‌ನದು. ಒಂದು ಮೈಲಿಗೆ ಕೇಬಲ್ 1280 ಸುತ್ತು ತಿರುಗುತ್ತೆ ಅಂತ ಅರ್ಥ. ಫೋರ್ಡ್ ಗೇರ್‌ಬಾಕ್ಸ್ ಒಳಗಿನ ಗೇರ್ ಬೇರೆ, ಸುತ್ತಿನ ಲೆಕ್ಕವೂ ಬೇರೆ. ಊಹೆ ಮಾಡಬೇಡಿ, ಅಳೆಯಿರಿ. ಸ್ಮಿತ್ಸ್‌ನವರ ಹಳೇ ಸೂತ್ರ ಇದೆ.

ಗಾಡಿಯನ್ನು ನ್ಯೂಟ್ರಲ್‌ನಲ್ಲಿ ನೇರವಾಗಿ ತಳ್ಳಿ, ಹಿಂದಿನ ಗಾಲಿ ಸರಿಯಾಗಿ ಆರು ಸುತ್ತು ತಿರುಗಬೇಕು. ಅಷ್ಟರಲ್ಲಿ ಕೇಬಲ್ ಎಷ್ಟು ಸುತ್ತು ತಿರುಗಿತು ಎಣಿಸಿ. ಅದನ್ನು 1680ರಿಂದ ಗುಣಿಸಿ. ಹಿಂದಿನ ಗಾಲಿಯ ನಡುವಿನಿಂದ ನೆಲದ ತನಕ ಎಷ್ಟು ಇಂಚು ಇದೆಯೋ ಅದರಿಂದ ಭಾಗಿಸಿ. ಬಂದದ್ದು ಮೈಲಿಗೆ ಎಷ್ಟು ಸುತ್ತು ಅನ್ನೋ ಲೆಕ್ಕ. 1680 ಆಕಾಶದಿಂದ ಬಿದ್ದ ಅಂಕಿ ಅಲ್ಲ. ಒಂದು ಮೈಲಿಯಲ್ಲಿ 63,360 ಇಂಚು. ನಡುವಿನಿಂದ ನೆಲಕ್ಕೆ ಒಂದು ಇಂಚು ಇರುವ ಗಾಲಿ ಆರು ಸುತ್ತಿಗೆ ಸುಮಾರು 37.7 ಇಂಚು ಹೋಗುತ್ತೆ, ಅದರಿಂದ ಭಾಗಿಸಿದರೆ ಸುಮಾರು ಅಷ್ಟೇ ಬರುತ್ತೆ.

ನಿಮಗೆ ಕೇಬಲ್ ಇಲ್ಲ, ಆದ್ದರಿಂದ ಪಲ್ಸ್ ಎಣಿಸಿ. ಸೆಂಡರ್‌ನ ಕರೆಂಟ್ ಮತ್ತು ಸಿಗ್ನಲ್ ವೈರ್ ನಡುವೆ ಒಂದು ಎಲ್‌ಇಡಿ, ಜೊತೆಗೆ 1 ಕಿಲೋಓಮ್ ರೆಸಿಸ್ಟರ್ ಸೇರಿಸಿ. ಪ್ರತಿ ಪಲ್ಸ್‌ಗೂ ಒಂದು ಸಲ ಮಿನುಗುತ್ತೆ. ಟೈರ್ ಗಾಳಿ ಮೊದಲು ಸರಿ ಮಾಡಿಕೊಳ್ಳಿ. ಗಾಲಿ ಎತ್ತಿ ತಿರುಗಿಸಿ ನೋಡಬೇಡಿ. ಒಂದೇ ಗಾಲಿ ತಿರುಗಿದರೆ, ಎರಡು ಹಿಂದಿನ ಗಾಲಿಗೆ ತಿರುಗು ಹಂಚುವ ಡಿಫರೆನ್ಷಿಯಲ್ ಲೆಕ್ಕವನ್ನು ಅರ್ಧ ಮಾಡಿಬಿಡುತ್ತೆ.

ಕೇಬಲ್_ಸಾಕು, ಬುಧವಾರ ಬೆಳಿಗ್ಗೆ

ಈ ಸೂತ್ರ ಗೊತ್ತಿರಲಿಲ್ಲ, ಬರೆದಿಟ್ಟುಕೊಂಡೆ. ಒಂದು ಸಂದೇಹ. ಜಿಪಿಎಸ್ ಮೀಟರ್‌ಗಳೇ ಸಿಗುತ್ತವಲ್ಲ, ಸೆಂಡರ್ ಗೊಡವೆಯೇ ಬೇಡ ಅಂತ ಕೆಲವರು ಹೇಳ್ತಾರೆ. 40 ವರ್ಷ ದಾಟಿದ ಗಾಡಿಗೆ ಬ್ರಿಟನ್ನಿನ ವಾರ್ಷಿಕ ಎಂಓಟಿ ಪರೀಕ್ಷೆಯೂ ಬೇಡ, ಮೀಟರ್ ಹೇಗಿದ್ದರೆ ಏನು ಅನ್ನುವವರೂ ಇದ್ದಾರೆ.

ಲೆಸ್ಟರ್_ಅಕ್ಕ, ಬುಧವಾರ ಸಂಜೆ

ಎರಡನೇ ಮಾತನ್ನು ನಾನು ಒಪ್ಪಲ್ಲ. ಎಂಓಟಿ ಬೇಡ ಅಂದ ಮಾತ್ರಕ್ಕೆ ಕಾನೂನು ಬೇಡ ಅಂತಲ್ಲ. 1937ರ ಅಕ್ಟೋಬರ್ 1ರ ನಂತರ ರಸ್ತೆಗೆ ಬಂದ ಕಾರಿಗೆ ಇಲ್ಲಿ ಸ್ಪೀಡೋಮೀಟರ್ ಇರಲೇಬೇಕು, ಕೆಲಸ ಮಾಡುವ ಸ್ಥಿತಿಯಲ್ಲೂ ಇರಬೇಕು. ಅದಕ್ಕಿಂತ ಮುಖ್ಯ, 51 ತೋರಿಸುವ ಮೀಟರ್ ನಂಬಿ ನಾವು 60ರಲ್ಲಿ ಹೋಗ್ತಿರ್ತೀವಿ. ಊರೊಳಗೆ 30 ಅಂದುಕೊಂಡು 35ರಲ್ಲಿ ಹೋದರೆ? ಶಾಲೆ ಬಿಡುವ ಹೊತ್ತು ಯೋಚನೆ ಮಾಡಿ.

ಜಿಪಿಎಸ್ ಮೀಟರ್ ಕೆಟ್ಟದ್ದಲ್ಲ. ಸುರಂಗದೊಳಗೆ ಸಿಗ್ನಲ್ ಹೋಗುತ್ತೆ, ಗಾಡಿ ಹೊರಡುವಾಗ ಉಪಗ್ರಹ ಹಿಡಿಯಲು ಸ್ವಲ್ಪ ಹೊತ್ತು ಬೇಕು. ನನಗೆ ಸೆಂಡರ್ರೇ ಇಷ್ಟ.

ಮೈಸೂರು_ಅಂಬಾಸಿಡರ್, ಗುರುವಾರ

ಮೈಸೂರಿನಿಂದ ನಮಸ್ಕಾರ. ನಮ್ಮ ಅಪ್ಪನ ಅಂಬಾಸಿಡರ್ ಇನ್ನೂ ಓಡಿಸ್ತೀನಿ. ಮೂಲದಲ್ಲಿ ಅದು ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ತಾನೇ, ಅದಕ್ಕೆ ಇಲ್ಲಿ ಕೇಳ್ತಿದ್ದೀನಿ. 40ರ ಮೇಲೆ ಹೋದರೆ ಮುಳ್ಳು ಗಡಗಡ ನಡುಗುತ್ತೆ. ನಮ್ಮ ಮೆಕ್ಯಾನಿಕ್ ಎಲೆಕ್ಟ್ರಾನಿಕ್ ಹಾಕಿಸಿ ಅಂತಾರೆ. ಬೇಕಾ? ಆ ಸೂತ್ರ ಕಿಲೋಮೀಟರ್‌ನಲ್ಲಿ ಹೇಗೆ?

ಹಳೇಮೀಟರ್, ಗುರುವಾರ ರಾತ್ರಿ

ಬೇಡ, ತಮ್ಮಾ. ನಡುಗೋದು ಕೇಬಲ್ ಒಣಗಿದ್ದರಿಂದ, ಅಥವಾ ಎಲ್ಲೋ ಜೋರಾಗಿ ಬಾಗಿದ್ದರಿಂದ. ಒಳಗಿನ ತಂತಿ ಹೊರಗೆಳೆದು ಸೀಮೆಎಣ್ಣೆಯಲ್ಲಿ ತೊಳಿ. ಸಮತಟ್ಟಾದ ಜಾಗದಲ್ಲಿ ಉರುಳಿಸಿ ನೋಡು, ಎಲ್ಲಾದರೂ ಕುಣಿದರೆ ಡೊಂಕಾಗಿದೆ ಅಂತ, ಬದಲಾಯಿಸು. ನೇರ ಇದ್ದರೆ ತೆಳ್ಳಗೆ ಗ್ರೀಸ್ ಹಚ್ಚು, ಮೀಟರ್ ಕಡೆಯ ಎಂಟು ಇಂಚಿಗೆ ಮಾತ್ರ ಬೇಡ. ಅಲ್ಲಿ ಹಚ್ಚಿದರೆ ಗ್ರೀಸ್ ಮೇಲಕ್ಕೆ ಹತ್ತಿ ಮೀಟರ್ ಒಳಗೆ ಸೇರಿ, ಬಟ್ಟಲಿಗೂ ಆಯಸ್ಕಾಂತಕ್ಕೂ ಅಂಟಿಕೊಳ್ಳುತ್ತೆ. ಕೇಬಲ್ ಎಲ್ಲೂ ಜೋರಾಗಿ ಬಾಗದೆ, ಅಗಲವಾಗಿ ತಿರುಗಿಕೊಂಡು ಹೋಗಲಿ.

ಕಿಲೋಮೀಟರ್‌ಗೆ: ಆರು ಸುತ್ತಿಗೆ ಬಂದ ಕೇಬಲ್ ಸುತ್ತನ್ನು 2653ರಿಂದ ಗುಣಿಸು, ಗಾಲಿ ನಡುವಿನಿಂದ ನೆಲಕ್ಕೆ ಇರುವ ಸೆಂಟಿಮೀಟರ್‌ನಿಂದ ಭಾಗಿಸು.

ಕವೆಂಟ್ರಿ_ಕನ್ನಡಿಗ, ಶನಿವಾರ ಸಂಜೆ

ಇವತ್ತು ಅಳೆದೆವು. ಮನೆ ಮುಂದಿನ ಸಮತಟ್ಟು ರಸ್ತೆಯಲ್ಲಿ ಟೈರಿನ ವಾಲ್ವ್ ಕೆಳಗೆ ಬಂದಾಗ ಸೀಮೆಸುಣ್ಣದ ಗೆರೆ ಎಳೆದೆ. ಪಕ್ಕದ ಮನೆಯವರು ಮತ್ತು ನಾನು ತಳ್ಳಿದೆವು, ಹೆಂಡತಿ ಸ್ಟಿಯರಿಂಗ್ ಹಿಡಿದಳು, ಮಗಳು ಎಲ್‌ಇಡಿ ಎಣಿಸಿದಳು. ಆರು ಸುತ್ತಿಗೆ ಸುಮಾರು 36 ಅಡಿ. ಮೂರು ಸಲ ಮಾಡಿದೆವು. ಮೂರು ಸಲವೂ 60 ಮಿನುಗು. ಸುತ್ತಿಗೆ 8 ಅಂದರೆ ಏಳೂವರೆ ಸುತ್ತು.

ಗಾಲಿ ನಡುವಿನಿಂದ ನೆಲಕ್ಕೆ 11.6 ಇಂಚು. 1680ನ್ನು 60ರಿಂದ ಗುಣಿಸಿ 11.6ರಿಂದ ಭಾಗಿಸಿದರೆ 8,690. ಮೈಲಿಗೆ ಅಷ್ಟು ಪಲ್ಸ್. ನಾನು ಸೆಟ್ ಮಾಡಿಸಿದ್ದು 1280ರ ಎಂಟರಷ್ಟು, ಅಂದರೆ 10,240. ಈ ಎರಡರ ಅನುಪಾತ ನೋಡಿದರೆ 60ಕ್ಕೆ 51 ಬರಲೇಬೇಕು. ಲೆಕ್ಕ ಕೂಡಿಬಂದಾಗ ಮೈ ಜುಮ್ಮೆಂದಿತು.

ಮೀಟರ್ ಹಿಂದಿನ ಬಟನ್ ಒತ್ತಿ 8,690 ಹಾಕಿದೆ. ಬೇರೆ ಏನಾದರೂ ಮಾಡಬೇಕಾ ಸಾರ್?

ಹಳೇಮೀಟರ್, ಶನಿವಾರ ರಾತ್ರಿ

ಮಗಳಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ. ಒಂದು ಸಲಹೆ, 8,520 ಹಾಕಿ. ಅಂಕಿ ಕಡಿಮೆ ಮಾಡಿದರೆ ಮುಳ್ಳು ನೂರಕ್ಕೆ ಎರಡರಷ್ಟು ಮುಂದೆ ಇರುತ್ತೆ. ಮುಳ್ಳು ಸ್ವಲ್ಪ ಜಾಸ್ತಿ ತೋರಿಸಿದರೆ ಯಾರಿಗೂ ಅಪಾಯ ಇಲ್ಲ. ಟ್ರಿಪ್ ಅಂಕಿಯೂ ಅಷ್ಟೇ ಜಾಸ್ತಿ ಬರುತ್ತೆ, ಪೆಟ್ರೋಲ್ ಲೆಕ್ಕ ಹಾಕುವಾಗ ನೆನಪಿಟ್ಟುಕೊಳ್ಳಿ. ಮುಂದೆ ಬೇರೆ ಅಳತೆಯ ಟೈರ್ ಹಾಕಿದರೆ ಮತ್ತೆ ತಳ್ಳಿ ಎಣಿಸಬೇಕು.

ಮೋಟರ್‌ವೇ ಪಕ್ಕ ಪ್ರತಿ 100 ಮೀಟರ್‌ಗೆ ಸಣ್ಣ ಗುರುತಿನ ಕಂಬ ಇರುತ್ತೆ. ಪಕ್ಕದ ಸೀಟಿನವರು 16 ಕಂಬ ಎಣಿಸಿದರೆ ಒಂದು ಮೈಲಿಗೆ ಬರೀ 9 ಮೀಟರ್ ಕಡಿಮೆ. ಟ್ರಿಪ್ ಅಂಕಿ ಅದರಲ್ಲೇ ಪರೀಕ್ಷೆ ಮಾಡಿ.

ಕವೆಂಟ್ರಿ_ಕನ್ನಡಿಗ, ಭಾನುವಾರ ಸಂಜೆ

8,520 ಹಾಕಿದೆ. ಎಂ69 ಮೋಟರ್‌ವೇಯಲ್ಲಿ ಲೆಸ್ಟರ್ ಕಡೆ ಹೋಗಿ ಬಂದೆವು. ಜಿಪಿಎಸ್ 60, ಮುಳ್ಳು 61ರ ಮೇಲೆ ಕೂದಲೆಳೆಯಷ್ಟು. ಮಗಳು 160 ಕಂಬ ಎಣಿಸಿದಳು, ಟ್ರಿಪ್‌ನಲ್ಲಿ 10.1.

ಮೊದಲನೇ ಸೆಂಡರ್ ಕೂಡ ಸಿಕ್ಕಿಸಿ ನೋಡಿದೆ. ಏನೂ ಆಗಿಲ್ಲ, ಚೆನ್ನಾಗಿ ಓಡುತ್ತೆ. ಈಗ ಒಂದು ಹೆಚ್ಚಿಗೆ ಇದೆ. ಟೈಪ್ 9 ಹಾಕಿದ ಗಾಡಿ ಇಟ್ಟುಕೊಂಡಿರುವವರು ಯಾರಿಗಾದರೂ ಬೇಕಿದ್ದರೆ ಹೇಳಿ, ಅಂಚೆಯಲ್ಲಿ ಕಳಿಸ್ತೀನಿ, ದುಡ್ಡು ಬೇಡ.

ಮೈಸೂರು_ಅಂಬಾಸಿಡರ್, ಸೋಮವಾರ

ಅಣ್ಣಾ, ಕೇಬಲ್ ತೊಳೆದೆ. ಕಪ್ಪು ಮಸಿಯಂಥ ಗ್ರೀಸ್ ಬಂತು, ಅಪ್ಪನ ಕಾಲದ್ದೇ ಇರಬೇಕು. ನಂಜನಗೂಡಿನ ತನಕ ಹೋಗಿ ಬಂದೆ. ಮುಳ್ಳು ಅಲುಗಾಡಲಿಲ್ಲ.